ಬೀಡಿ, ಸಿಗರೇಟು ಬಿಡುವವರ ಜೊತೆ ನಿಲ್ಲುವುದು ಹೇಗೆ

ನಾನು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಮೆಷಿನ್ ಶಾಪಿನಲ್ಲಿ ಲೇತ್ ಆಪರೇಟರ್. ಐಟಿಐ ಮುಗಿಸಿ ಕೆಲಸಕ್ಕೆ ಸೇರಿದ ವರ್ಷವೇ ಸಿಗರೇಟು ಶುರುವಾಯಿತು. 2019ರಲ್ಲಿ ಬಿಟ್ಟೆ. ಅದಕ್ಕೂ ಮುಂಚೆ ಮೂರು ಸಲ ಬಿಟ್ಟಿದ್ದೆ, ಮೂರು ಸಲವೂ ಯಾರಿಗೂ ಹೇಳದೆ ಒಬ್ಬನೇ. ನಾಲ್ಕನೇ ಸಲ ನಮ್ಮ ಶಾಪಿನ ವೆಲ್ಡರ್ ಅಣ್ಣನೂ ನನ್ನ ಜೊತೆ ಬಿಟ್ಟರು. ಆ ಸಲ ಮಾತ್ರ ಉಳಿಯಿತು. ಆಮೇಲೆ ಐದು ಜನರ ಜೊತೆ ನಿಂತಿದ್ದೇನೆ. ಮೂವರು ಪೂರ್ತಿ ಬಿಟ್ಟಿದ್ದಾರೆ. ಒಬ್ಬರು ಮತ್ತೆ ಸೇದುತ್ತಿದ್ದಾರೆ. ಇನ್ನೊಬ್ಬ ಹುಡುಗ ಈಗಷ್ಟೇ ಬಿಟ್ಟಿದ್ದಾನೆ.

"ಬಿಡು, ಒಳ್ಳೇದಲ್ಲ" ಅಂತ ಹೇಳುವವರು ಎಲ್ಲ ಕಡೆ ಇದ್ದಾರೆ. ಬಿಟ್ಟ ಮೇಲಿನ ಮೊದಲ ರಾತ್ರಿ ಫೋನ್ ಎತ್ತುವವರು ಕಡಿಮೆ. ನಿಮ್ಮ ಗೆಳೆಯನೋ ತಮ್ಮನೋ ಅಪ್ಪನೋ ಬಿಡುತ್ತೇನೆ ಅಂತ ಹೊರಟಿದ್ದರೆ, ಆ ಫೋನ್ ಎತ್ತುವವರು ನೀವಾಗಬೇಕು. ಹೇಗೆ ಅಂತ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ವೆಲ್ಡರ್ ಅಣ್ಣನ ವಿಷಯ. ಅವರಿಗೆ ದಿನಕ್ಕೊಂದು ಕಟ್ಟು ಬೀಡಿ ಬೇಕಿತ್ತು. ಕಟ್ಟಿಗೆ 25 ಬೀಡಿ. ಆದರೆ ಪ್ರತಿ ವರ್ಷ ಅಯ್ಯಪ್ಪನ ಮಾಲೆ ಹಾಕುತ್ತಿದ್ದರು. ಆ 41 ದಿನ ಒಂದೇ ಒಂದು ಬೀಡಿ ಮುಟ್ಟುತ್ತಿರಲಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ದಿನವೇ ಮತ್ತೆ ಕಟ್ಟು ಕೈಗೆ. ಏಳು ವರ್ಷ ಹೀಗೇ ನಡೆಯಿತು. "ಆಗ ಸ್ವಾಮಿ ಕೈ ಹಿಡಿದಿರ್ತಾನೆ ಕಣಪ್ಪ" ಅನ್ನುತ್ತಿದ್ದರು. ಅವರ ನಂಬಿಕೆ ದೊಡ್ಡದು, ನಿಜ. ಅದರ ಜೊತೆಗೆ ಇನ್ನೂ ಒಂದು ಇತ್ತು. ಕಪ್ಪು ಬಟ್ಟೆ, ಕೊರಳಲ್ಲಿ ಮಾಲೆ ನೋಡಿದವರು ಯಾರೂ ಅವರತ್ತ ಬೀಡಿ ಚಾಚುತ್ತಿರಲಿಲ್ಲ. ಅಂಗಡಿಯವನೂ ಕೊಡುತ್ತಿರಲಿಲ್ಲ. ಸಂಜೆಯಾದರೆ ಅದೇ ವ್ರತದಲ್ಲಿದ್ದ ಹತ್ತು ಜನರ ಜೊತೆ ಭಜನೆ. ಮಾಲೆ ತೆಗೆದ ಮರುದಿನ ಆ ಬೇಲಿ ಪೂರ್ತಿ ಹೋಗಿಬಿಡುತ್ತಿತ್ತು. ನಮ್ಮ ಫಿಟ್ಟರ್ ಭಾಯಿ ರಂಜಾನಿನಲ್ಲಿ ಹಗಲಿಡೀ ಸೇದದೆ ಕೆಲಸ ಮಾಡುತ್ತಾರೆ. ಅವರ ಮನೆಯಲ್ಲೂ ಬೀದಿಯಲ್ಲೂ ಎಲ್ಲರೂ ಆಗ ಉಪವಾಸ ಇರುತ್ತಾರೆ, ಅಲ್ವಾ? ಮಾಲೆ ಇಲ್ಲದ ದಿನಗಳಲ್ಲೂ ಆ ಬೇಲಿ ಕಟ್ಟಿಕೊಡುವುದೇ ಜೊತೆಗಾರರ ಕೆಲಸ.

ದಿನ ಗೊತ್ತು ಮಾಡುವ ಮುಂಚೆ ಅವರನ್ನು ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ. ದಿನಕ್ಕೆ ಎಷ್ಟು? ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೇದು? ಯಾವುದನ್ನು ಬಿಡುವುದು ಎಲ್ಲಕ್ಕಿಂತ ಕಷ್ಟ? ಎರಡನೇ ಪ್ರಶ್ನೆ ಮುಖ್ಯ. ಎದ್ದ ಅರ್ಧ ಗಂಟೆಯೊಳಗೆ ಸೇದುವವರ ಮೈಗೆ ನಿಕೋಟಿನ್, ಅಂದರೆ ತಂಬಾಕಿನಲ್ಲಿ ಚಟ ಹಿಡಿಸುವ ಅಂಶ, ಜೋರಾಗಿ ಅಂಟಿರುತ್ತದೆ. ಅಂಥವರಿಗೆ ಬರೀ ಧೈರ್ಯದ ಮಾತು ಸಾಲದು, ಡಾಕ್ಟರ ಸಹಾಯವೂ ಬೇಕು. ಮೂರನೇ ಪ್ರಶ್ನೆಗೆ ನಾನು ಹೇಳಿದ್ದು ಊಟ ಆದ ಮೇಲಿನದು. ಅಣ್ಣ ಹೇಳಿದ್ದು ಬೆಳಗ್ಗೆ ಕಕ್ಕಸಿಗೆ ಹೋಗುವಾಗಿನದು. ಇಂಥ ಉತ್ತರ ಬಂದಾಗ ನಗಬೇಡಿ. ಬಿಟ್ಟ ಮೇಲೆ ಕೆಲವರಿಗೆ ಮಲಬದ್ಧತೆ ನಿಜಕ್ಕೂ ಆಗುತ್ತದೆ. ಎದ್ದ ತಕ್ಷಣ ಎರಡು ಲೋಟ ಬಿಸಿನೀರು, ರಾತ್ರಿ ಬಾಳೆಹಣ್ಣು ಅಂತ ನಾವು ಮೊದಲೇ ಮಾತಾಡಿಕೊಂಡೆವು.

ದಿನ ಎರಡು ವಾರದೊಳಗೆ ಇರಲಿ. ತುಂಬಾ ದೂರ ಇಟ್ಟರೆ ಮನಸ್ಸು ಆರುತ್ತದೆ. ಮದುವೆ, ಜಾತ್ರೆ ಹತ್ತಿರ ಇರುವ ದಿನ ಬೇಡ. ನಾವು ಭಾನುವಾರ ಶುರು ಮಾಡಿದೆವು, ಮೊದಲ ದಿನವೇ ಟೀ ಬ್ರೇಕ್ ಎದುರಾಗಬಾರದು ಅಂತ. ಶನಿವಾರ ಸಂಜೆ ಇಬ್ಬರೂ ನಮ್ಮ ಪೆಟ್ಟಿಗೆ ಅಂಗಡಿಗೆ ಹೋದೆವು. ನಾವು ಬಾಯಿ ಬಿಡುವ ಮುಂಚೆಯೇ ಕೈಗೆ ಸಿಗರೇಟು ಇಡುತ್ತಿದ್ದ ಅಜ್ಜ ಅವರು. "ನಾಳೆಯಿಂದ ನಾವು ಕೇಳಿದ್ರೂ ಕೊಡಬೇಡಿ" ಅಂದೆವು. ಅಜ್ಜನಿಗೆ ನಮ್ಮಿಂದ ತಿಂಗಳಿಗೆ ಸಾವಿರಾರು ರೂಪಾಯಿ ವ್ಯಾಪಾರ. ಆದರೂ "ಆಯ್ತು ಮಗಾ" ಅಂದರು, ಅಂದ ಹಾಗೇ ನಡೆದುಕೊಂಡರು. ಇದನ್ನು ಖಂಡಿತ ಮಾಡಿ. ಕರ್ನಾಟಕದಲ್ಲಿ ಸಿಗರೇಟನ್ನು ಬಿಡಿಬಿಡಿಯಾಗಿ ಮಾರಬಾರದು ಅಂತ 2017ರಲ್ಲೇ ಆದೇಶ ಆಗಿದೆ. ಆದರೂ ಒಂದೊಂದೇ ಸಿಗುತ್ತದೆ. ಜಾರುವವರು ಜಾರುವುದು ಆ "ಒಂದೇ ಒಂದು ಕೊಡಿ"ಯಿಂದ.

ಇನ್ನು ಮಿಸ್ಡ್ ಕಾಲ್. ನಮ್ಮನ್ನು ಉಳಿಸಿದ್ದು ಇದೇ.

ಸೇದಬೇಕು ಅನ್ನುವ ತುಡಿತ ಎಷ್ಟೇ ಜೋರಾಗಿ ಬಂದರೂ ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಬಂದಾಗ ಅದು ಗೊತ್ತಾಗುವುದಿಲ್ಲ, ಸೇದುವ ತನಕ ಹೋಗುವುದೇ ಇಲ್ಲ ಅನಿಸುತ್ತದೆ. ಆ ಹತ್ತು ನಿಮಿಷ ದಾಟಿಸುವುದಷ್ಟೇ ಬೇಕಿರುವುದು. ನಮ್ಮ ನಿಯಮ ಹೀಗಿತ್ತು. ತುಡಿತ ಬಂದರೆ ಒಂದು ಮಿಸ್ಡ್ ಕಾಲ್ ಕೊಡಬೇಕು. ನೋಡಿದವರು ಕೂಡಲೇ ತಿರುಗಿ ಮಾಡಬೇಕು. ಫೋನಿನಲ್ಲಿ ಸಿಗರೇಟಿನ ಮಾತೇ ಎತ್ತಬಾರದು. ಮೆಸೇಜ್ ಯಾಕೆ ಬೇಡ ಅಂದರೆ, "ಸೇದಬೇಕು ಅನ್ನಿಸ್ತಿದೆ" ಅಂತ ಬರೆಯಲು ನಾಚಿಕೆಯಾಗುತ್ತದೆ. ಮಿಸ್ಡ್ ಕಾಲಿಗೆ ಮಾತೇ ಬೇಕಾಗಿಲ್ಲ. ನೀವೂ "ಯಾಕೆ, ಆಸೆ ಆಯ್ತಾ?" ಅಂತ ಕೇಳಬೇಡಿ. ಊರಿನ ಕೆರೆಗೆ ನೀರು ಬಂತಾ ಕೇಳಿ. ಮಗಳ ಶಾಲೆ ಫೀಸು ಕಟ್ಟಿದ್ದಾಯಿತಾ ಕೇಳಿ. ಅಣ್ಣ ಮೊದಲ ವಾರ ದಿನಕ್ಕೆ ಎಂಟು, ಒಂಬತ್ತು ಸಲ ಕೊಡುತ್ತಿದ್ದರು. ಅವರ ಊರಿನ ಹಸುಗಳೆಲ್ಲ ನನಗೆ ಪರಿಚಯವಾದದ್ದು ಆಗಲೇ.

ಮೆಷಿನ್ ಓಡುವಾಗ ನನಗೆ ಫೋನ್ ಎತ್ತಲು ಆಗುತ್ತಿರಲಿಲ್ಲ. ಆ ಹೊತ್ತಿಗೆ ಅಂತ ಅಣ್ಣನ ಅಕ್ಕನ ಮಗನನ್ನು ಒಪ್ಪಿಸಿದೆವು. ನೀವು ಯಾವಾಗ ಸಿಗುತ್ತೀರಿ, ಯಾವಾಗ ಸಿಗುವುದಿಲ್ಲ ಅಂತ ಮೊದಲೇ ಹೇಳಿ, ಸಿಗದ ಹೊತ್ತಿಗೆ ಇನ್ನೊಬ್ಬರನ್ನು ಇಡಿ. ಒಂದು ಸಲ ಕಾಲ್ ಮಾಡಿ ಯಾರೂ ಎತ್ತದಿದ್ದರೆ ಎರಡನೇ ಸಲ ಅವರು ಮಾಡುವುದಿಲ್ಲ.

ಮೊದಲ ಮೂರು ದಿನ ಬಲು ಕಷ್ಟ. ಸಿಟ್ಟು, ತಲೆನೋವು, ನಿದ್ದೆ ಬರದಿರುವುದು, ಕೆಲಸದಲ್ಲಿ ಗಮನ ನಿಲ್ಲದಿರುವುದು. ಎರಡರಿಂದ ನಾಲ್ಕು ವಾರದಲ್ಲಿ ಇದೆಲ್ಲ ಬಹಳಷ್ಟು ತಣ್ಣಗಾಗುತ್ತದೆ. ಕೆಮ್ಮು ಮಾತ್ರ ಮೊದಲಿಗೆ ಜಾಸ್ತಿ ಆಗಬಹುದು. "ಬಿಟ್ಟ ಮೇಲೆ ಕೆಮ್ಮು ಬಂತು, ನನಗೆ ಬಿಡೋದು ಆಗಿಬರಲ್ಲ" ಅಂತ ಮತ್ತೆ ಹಚ್ಚಿದವರನ್ನು ನೋಡಿದ್ದೇನೆ. ಶ್ವಾಸಕೋಶ ತನ್ನನ್ನು ತಾನು ಗುಡಿಸಿಕೊಳ್ಳಲು ಶುರು ಮಾಡಿದಾಗ ಹಾಗಾಗುತ್ತದೆ ಅಂತ ಮುಂಚೆಯೇ ಹೇಳಿಡಿ. ಕೆಮ್ಮಿನಲ್ಲಿ ರಕ್ತ ಬಂದರೆ, ಅಥವಾ ಕೆಲವು ವಾರವಾದರೂ ಕೆಮ್ಮು ಇಳಿಯದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅವರ ಮನೆಯವರ ಜೊತೆಯೂ ಒಂದು ಮಾತಾಡಿ. ಈ ಹದಿನೈದು ದಿನ ಅವರು ಸಿಡುಕಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ. ನಾನು ನನ್ನ ಹೆಂಡತಿಗೆ ಮೊದಲೇ ಹೇಳಿದ್ದೆ. ಅವಳು ಎಷ್ಟೋ ಮಾತು ನುಂಗಿಕೊಂಡಳು.

ಕಾಫಿಯ ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಹೊಗೆ ಒಳಗೆ ಹೋಗುತ್ತಿರುವ ತನಕ ಲಿವರ್ ಕೆಫೀನನ್ನು ಬೇಗ ಬೇಗ ಹೊರಹಾಕುತ್ತದೆ. ಸೇದುವುದು ನಿಂತರೆ ಅದೇ ಕೆಫೀನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಮುಂಚಿನಷ್ಟೇ ಕಾಫಿ ಕುಡಿದರೂ ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಇಲ್ಲ. ಎಲ್ಲವನ್ನೂ ಸಿಗರೇಟು ಬಿಟ್ಟದ್ದರ ತಲೆಗೆ ಕಟ್ಟುತ್ತೇವೆ. ಕಾಫಿ, ಟೀ ಅರ್ಧಕ್ಕೆ ಇಳಿಸಲು ಹೇಳಿ. ನಾವು ಐದರಿಂದ ಎರಡಕ್ಕೆ ಇಳಿಸಿದೆವು, ಎರಡೂ ಬೈಟೂ. ಮಾನಸಿಕ ಕಾಯಿಲೆಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳದ್ದೂ ಇದೇ ಕಥೆ, ಡೋಸ್ ಬದಲಾಯಿಸಬೇಕಾಗಬಹುದು. ಅಂಥ ಮಾತ್ರೆ ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮುಂಚೆಯೇ ತಮ್ಮ ಡಾಕ್ಟರಿಗೆ ಹೇಳಬೇಕು.

ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ನಾನೂ ತೆಗೆದುಕೊಂಡೆ. ಅದನ್ನು ಚೂಯಿಂಗ್ ಗಮ್ ಥರ ಅಗಿದು ಬಿಕ್ಕಳಿಕೆ, ಹೊಟ್ಟೆ ಉರಿ ಬರಿಸಿಕೊಂಡು ಎಸೆಯುವವರೇ ಜಾಸ್ತಿ. ನಿಧಾನ ಅಗಿಯಬೇಕು. ಬಾಯಲ್ಲಿ ಮೆಣಸಿನಂಥ ಚುರುಚುರು ಶುರುವಾದ ತಕ್ಷಣ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಚುರು ಹೋದ ಮೇಲೆ ಮತ್ತೆ ಸ್ವಲ್ಪ ಅಗಿಯಬೇಕು. ಒಂದು ಗಮ್ ಅರ್ಧ ಗಂಟೆ ಬರುತ್ತದೆ. ಹಾಕುವ ಮುಂಚಿನ ಕಾಲು ಗಂಟೆ ಕಾಫಿ, ನಿಂಬೆ ಪಾನಕ ಬೇಡ, ಬಾಯಲ್ಲಿರುವಾಗಲೂ ಬೇಡ. ಹೃದಯದ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಸಿಗರೇಟಿನ ಬದಲು ಗುಟ್ಕಾ, ಜಗಿಯುವ ತಂಬಾಕು ಹಿಡಿಯಲು ಮಾತ್ರ ಬಿಡಬೇಡಿ. ಬಾಯಿ ಕ್ಯಾನ್ಸರ್ ಬರುವುದು ಅದರಿಂದಲೂ. ಕೈಗೆ, ಬಾಯಿಗೆ ಏನಾದರೂ ಬೇಕೆಂದರೆ ಹುರಿಗಡಲೆ, ಸೋಂಪು, ಲವಂಗ ಸಾಕು.

ನಿಮ್ಮೊಬ್ಬರಿಂದಲೇ ಎಲ್ಲ ಆಗಬೇಕು ಅಂತಿಲ್ಲ. 1800-11-2356 ಅನ್ನುವ ನಂಬರಿಗೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಕೊಡುತ್ತಾರೆ. ಇದು ಕೇಂದ್ರ ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ, 2016ರಲ್ಲಿ ಶುರುವಾದದ್ದು. ಸಿಗರೇಟು ಪ್ಯಾಕಿನ ಮೇಲೂ ಇದೇ ನಂಬರ್ ಇರುತ್ತದೆ. ನಮ್ಮ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಸಲ ಫೋನ್ ಮಾಡುವಾಗ ಪಕ್ಕದಲ್ಲಿ ಕೂತುಕೊಳ್ಳಿ.

ಜಾರಿದ ದಿನವೇ ನೀವು ನಿಜವಾಗಿ ಬೇಕಾಗುವ ದಿನ. 60ನೇ ದಿನ ಅಣ್ಣ ಮಂಡ್ಯದ ಕಡೆ ಒಂದು ಬೀಗರೂಟಕ್ಕೆ ಹೋದರು. ಊಟ ಆದ ಮೇಲೆ ಗಂಡಸರೆಲ್ಲ ಛತ್ರದ ಹಿಂದಿನ ಗೋಡೆ ಪಕ್ಕ ನಿಲ್ಲುತ್ತಾರಲ್ಲ, ಅಲ್ಲಿ ಎರಡು ಸೇದಿಬಿಟ್ಟರು. ಆಮೇಲೆ ಮೂರು ದಿನ ಮಿಸ್ಡ್ ಕಾಲ್ ಇಲ್ಲ. ಶಾಪಿನಲ್ಲೂ ಮುಖ ತಪ್ಪಿಸಿ ಓಡಾಡಿದರು. ನನಗೆ ಅರ್ಥವಾಯಿತು. ಸಂಜೆ ಅವರ ಮನೆಗೇ ಹೋದೆ. "ಹೋಯ್ತು ಬಿಡಪ್ಪ, ಎಲ್ಲಾ ಮುಗೀತು" ಅಂದರು. ಎಷ್ಟು ಸೇದಿದಿರಿ ಅಂತ ಕೇಳಿದೆ. "ಎರಡು." ಆಮೇಲೆ? "ಆಮೇಲೆ ಮುಟ್ಟಿಲ್ಲ. ಆದ್ರೆ ನಿನ್ನ ಮುಖ ಹೆಂಗೆ ನೋಡ್ಲಿ?" ಅವರ ಮಗಳ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದು ತೋರಿಸಿದೆ. ದಿನಕ್ಕೆ 25, 60 ದಿನಕ್ಕೆ 1,500. ಸೇದಿದ್ದು 2. "1,498 ಬಿಟ್ಟಿದ್ದೀರಲ್ಲಣ್ಣ" ಅಂದೆ. ಅವರು ಆ ಹಾಳೆ ಹರಿದು ಜೇಬಿಗೆ ಹಾಕಿಕೊಂಡರು.

ಆದ್ದರಿಂದ ಜಾರಿದವರನ್ನು ಬೈಯಬೇಡಿ, "ನನಗೆ ಗೊತ್ತಿತ್ತು" ಅನ್ನಬೇಡಿ. ಕ್ಯಾನ್ಸರ್ ಬರುತ್ತೆ ಅಂತ ಹೆದರಿಸುವುದೂ ಬೇಡ. 2016ರಿಂದ ಪ್ಯಾಕಿನ ನೂರಕ್ಕೆ 85 ಭಾಗ ಅದೇ ಎಚ್ಚರಿಕೆಯ ಚಿತ್ರ ಇದೆ, ಅವರು ದಿನಾ ನೋಡಿದ್ದಾರೆ. ಎಲ್ಲಿ, ಯಾರ ಜೊತೆ, ಏನಾದಾಗ ಸೇದಿದರು ಅಂತ ಮೆತ್ತಗೆ ಕೇಳಿ. ಮುಂದಿನ ಸಲ ಆ ಜಾಗಕ್ಕೆ ಹೋಗುವ ಮುಂಚೆ ಏನು ಮಾಡೋಣ ಅಂತ ಅವರ ಬಾಯಿಂದಲೇ ಬರಲಿ. ಅಣ್ಣ ಹೇಳಿದ್ದು: "ಊಟ ಆದ ತಕ್ಷಣ ಎಲೆ ಎತ್ತೋಕೆ ನಿಂತ್ಕೋತೀನಿ." ಈಗಲೂ ಹಾಗೇ ಮಾಡುತ್ತಾರೆ. ಜಾಸ್ತಿ ಜಾರಿದರೂ ಅಷ್ಟೇ, ಹೊಸ ದಿನ ಗೊತ್ತು ಮಾಡಿ. ನನಗೆ ನಾಲ್ಕು ಸಲ ಬೇಕಾಯಿತು. ಮತ್ತೆ ಸೇದುತ್ತಿರುವ ಆ ಒಬ್ಬರ ಜೊತೆಯೂ ನಾನು ಮಾತು ಬಿಟ್ಟಿಲ್ಲ.

ಖುಷಿಪಡಿಸಲು ನಿಜವಾದ ವಿಷಯಗಳೇ ಬೇಕಾದಷ್ಟಿವೆ. ಬಿಟ್ಟು ಒಂದೆರಡು ದಿನಕ್ಕೆ ರಕ್ತದಲ್ಲಿ ಸೇರಿದ್ದ ಕಾರ್ಬನ್ ಮೊನಾಕ್ಸೈಡ್ ಅನ್ನುವ ಹೊಗೆಯ ವಿಷ ಸೇದದವರಿಗಿರುವ ಮಟ್ಟಕ್ಕೆ ಇಳಿಯುತ್ತದೆ. ಒಂದು ವರ್ಷಕ್ಕೆ, ಸೇದುವುದರಿಂದ ಹೃದಯಕ್ಕಿದ್ದ ಹೆಚ್ಚಿನ ಅಪಾಯ ಸುಮಾರು ಅರ್ಧ ಆಗುತ್ತದೆ. ಆಯಾ ದಿನ ಬಂದಾಗ ಫೋನ್ ಮಾಡಿ ಹೇಳಿ. ಮೂರು ತಿಂಗಳ ನಂತರ ಮಿಸ್ಡ್ ಕಾಲ್ ತಾನಾಗೇ ಕಡಿಮೆಯಾಗುತ್ತದೆ. ಆಗ ಮದುವೆ, ಸಾವು, ಕೆಲಸ ಹೋಗುವುದು, ಇಂಥ ದಿನಗಳಲ್ಲಿ ನೀವೇ ಮೊದಲು ಫೋನ್ ಮಾಡಿ.

ಈಗ ನನ್ನ ಜೊತೆ ಇರುವವನು ಪ್ಯಾಕಿಂಗ್ ವಿಭಾಗದ ಹುಡುಗ. ಇವತ್ತಿಗೆ ಒಂಬತ್ತು ದಿನ. ನಿನ್ನೆ ರಾತ್ರಿ ಹತ್ತೂ ಇಪ್ಪತ್ತಕ್ಕೆ ಅವನ ಮಿಸ್ಡ್ ಕಾಲ್ ಬಂತು. ತಿರುಗಿ ಮಾಡಿದೆ. ಊರಲ್ಲಿ ಕಡಲೆಕಾಯಿ ಕಿತ್ತಾಯಿತಾ ಅಂತ ಕೇಳಿದೆ. ಹನ್ನೊಂದು ನಿಮಿಷ ಮಾತಾಡಿದ. ಕೊನೆಗೆ "ಮಲಗ್ತೀನಣ್ಣ" ಅಂದ.