ಊಟಕ್ಕೆ ಮುಂಚೆ ಒಂದು, ಎರಡು ಗಂಟೆ ಬಿಟ್ಟು ಇನ್ನೊಂದು: ಶುಗರ್ ಪರೀಕ್ಷೆ ಜೋಡಿಯಾಗಿ ಮಾಡುವುದು ಹೇಗೆ?

ಗ್ಲೂಕೋಮೀಟರ್ ಇರುವ ಬಹಳಷ್ಟು ಮನೆಗಳಲ್ಲಿ ಅದು ಹೊರಗೆ ಬರುವುದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರ. 138 ಬಂತು, ಪುಸ್ತಕದಲ್ಲಿ ಬರೆದಾಯಿತು, ಡಬ್ಬಿ ಮುಚ್ಚಿಯಾಯಿತು. ಆದರೆ ಆ 138 ಹೆಚ್ಚಾಗಿ ಹೇಳುವುದು ರಾತ್ರಿಯಿಡೀ ಲಿವರ್ ಎಷ್ಟು ಸಕ್ಕರೆಯನ್ನು ರಕ್ತಕ್ಕೆ ಬಿಟ್ಟಿತು ಎಂಬುದನ್ನು. ನಿನ್ನೆ ಮಧ್ಯಾಹ್ನದ ಊಟ ದೇಹಕ್ಕೆ ಒಗ್ಗಿತೋ ಇಲ್ಲವೋ ಎಂಬುದು ಅದರಲ್ಲಿ ಕಾಣದು. ಅದು ತಿಳಿಯಬೇಕಾದರೆ ಒಂದೇ ಊಟಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಜೋಡಿಯಾಗಿ ಅಳೆಯಬೇಕು. 25 ಸ್ಟ್ರಿಪ್‌ಗಳ ಒಂದು ಡಬ್ಬಿ, ಒಂಬತ್ತು ದಿನ ಸಾಕು.

ಶುರು ಮಾಡುವ ಮುಂಚೆ ಒಂದು ಮಾತು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ನುಂಗುವವರು ಡೋಸ್ ಅಷ್ಟೇ ಇಟ್ಟುಕೊಂಡು ಊಟದ ಪಿಷ್ಟ ಕಡಿಮೆ ಮಾಡಿದರೆ ಶುಗರ್ ತೀರಾ ಇಳಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಪಿಷ್ಟವನ್ನು ಪೂರ್ತಿ ಬಿಟ್ಟುಬಿಟ್ಟರೆ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ಆಮ್ಲ) ಏರುವ ಅಪಾಯವಿದೆ. ಮೀಟರಿನಲ್ಲಿ ಶುಗರ್ ಅಷ್ಟೇನೂ ಹೆಚ್ಚು ಕಾಣದಿದ್ದಾಗಲೂ ಹಾಗಾಗುತ್ತದೆ, ಆದ್ದರಿಂದ ಗೊತ್ತೇ ಆಗುವುದಿಲ್ಲ. ಈ ಎರಡು ಗುಂಪಿನವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಹನಿ ರಕ್ತ ಸರಿಯಾಗಿ ತೆಗೆಯುವುದು

ತಪ್ಪು ಸಂಖ್ಯೆಗೆ ಅತಿ ಸಾಮಾನ್ಯ ಕಾರಣ ಕೈ. ಕಿತ್ತಳೆ ಸುಲಿದ ಬೆರಳಿನ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ರಸ ಅಂಟಿರುತ್ತದೆ. ಸ್ಟ್ರಿಪ್‌ಗೆ ಬೇಕಾಗುವ ರಕ್ತ ಸಾಸಿವೆ ಕಾಳಿಗಿಂತ ಚಿಕ್ಕ ಹನಿ. ಅಷ್ಟು ಸಣ್ಣ ಹನಿಗೆ ಚೂರೇ ಚೂರು ಹಣ್ಣಿನ ಸಕ್ಕರೆ ಬೆರೆತರೂ ಲೆಕ್ಕ ಎಲ್ಲಿಗೋ ಹಾರುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಅದು ಪೂರ್ತಿ ಹೋಗುವುದಿಲ್ಲ. ಸೋಪು ಹಚ್ಚಿ ನೀರಿನಲ್ಲಿ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಬೇಕು. ಒದ್ದೆ ಬೆರಳಾದರೆ ರಕ್ತ ತೆಳುವಾಗಿ ಸಂಖ್ಯೆ ಕಡಿಮೆ ತೋರಿಸುತ್ತದೆ.

ಚುಚ್ಚುವುದು ಬೆರಳ ತುದಿಯ ನಡುವೆ ಅಲ್ಲ, ಪಕ್ಕದಲ್ಲಿ. ಅಲ್ಲಿ ನೋವು ಕಡಿಮೆ. ಹನಿ ಬರಲಿಲ್ಲವೆಂದು ತುದಿಯನ್ನು ಹಿಂಡಬೇಡಿ, ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರೂ ಬರುತ್ತದೆ. ಕೈಯನ್ನು ಸೊಂಟದ ಕೆಳಗೆ ಇಳಿಬಿಟ್ಟು ಅರ್ಧ ನಿಮಿಷ ಆಡಿಸಿ, ಅಂಗೈಯಿಂದ ಬೆರಳಿನ ಕಡೆಗೆ ನೀವಿದರೆ ಹನಿ ತಾನಾಗಿ ಮೂಡುತ್ತದೆ. ಸ್ಟ್ರಿಪ್ ತೆಗೆದ ಕೂಡಲೇ ಡಬ್ಬಿ ಮುಚ್ಚಿ. ತೇವ ಸೋಕಿದ ಸ್ಟ್ರಿಪ್ ಅವಧಿಗೆ ಮುಂಚೆಯೇ ಕೆಡುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಮೀಟರಿಗೆ ತನ್ನದೇ ಮಿತಿಯಿದೆ. ಅಂತರರಾಷ್ಟ್ರೀಯ ಗುಣಮಟ್ಟದ ಪ್ರಕಾರ 100ಕ್ಕಿಂತ ಮೇಲಿನ ಶುಗರ್‌ನಲ್ಲಿ ಶೇ 15ರಷ್ಟು ಆಚೀಚೆ ತೋರಿಸಿದರೂ ಮೀಟರ್ ಪಾಸು. ಅಂದರೆ ನಿಜವಾದ ಶುಗರ್ 180 ಇದ್ದಾಗ 153 ಬರಬಹುದು, 207 ಕೂಡ ಬರಬಹುದು. ಹಾಗಾಗಿ ಒಂದೇ ಒಂದು ಅಳತೆ ನೋಡಿ ಕಂಗಾಲಾಗುವುದೂ ಬೇಡ, ಹಿಗ್ಗುವುದೂ ಬೇಡ. ಒಂದೇ ಊಟವನ್ನು ಮೂರು ದಿನ ಅಳೆಯಬೇಕು ಎನ್ನುವುದು ಇದಕ್ಕೇ.

ಮೊದಲ ಮೂರು ದಿನ: ಏನೂ ಬದಲಿಸಬೇಡಿ

ದಿನದಲ್ಲಿ ಪಿಷ್ಟ ಹೆಚ್ಚಿರುವ ಒಂದು ಊಟ ಆರಿಸಿಕೊಳ್ಳಿ. ಮೂರೂ ದಿನ ಅದೇ ಪದಾರ್ಥ, ಅದೇ ಪ್ರಮಾಣ, ಹೆಚ್ಚುಕಡಿಮೆ ಅದೇ ಹೊತ್ತು. ಪಿಷ್ಟದ ಪದಾರ್ಥವನ್ನು ತಕ್ಕಡಿಯಲ್ಲಿ ತೂಗಿ, ಬೇಯಿಸಿದ ತೂಕವೋ ಹಸಿ ತೂಕವೋ ಎಂಬುದನ್ನೂ ಬರೆದುಕೊಳ್ಳಿ. ಇಲ್ಲಿ ಎಡವುವವರು ಬಹಳ. 150 ಗ್ರಾಂ ಅನ್ನದಲ್ಲಿ ಇರುವುದು ಸುಮಾರು 42 ಗ್ರಾಂ ಪಿಷ್ಟ, 150 ಗ್ರಾಂ ಅಕ್ಕಿಯಲ್ಲಿ ಸುಮಾರು 118 ಗ್ರಾಂ.

ತಟ್ಟೆಯ ಮುಂದೆ ಕೂರುವ ಮುನ್ನ ಮೊದಲ ಅಳತೆ. ಮೊದಲ ತುತ್ತು ಬಾಯಿಗಿಟ್ಟಾಗಲೇ ಗಡಿಯಾರ ನೋಡಿಕೊಳ್ಳಿ, ಊಟ ಮುಗಿದ ಮೇಲೆ ಅಲ್ಲ. ಅಲ್ಲಿಂದ ಸರಿಯಾಗಿ ಎರಡು ಗಂಟೆಗೆ ಎರಡನೇ ಅಳತೆ. ನಡುವೆ ನೀರು ಬಿಟ್ಟು ಬೇರೇನೂ ಬೇಡ, ಹಾಲು ಹಾಕಿದ ಚಹಾ ಕೂಡ.

ಈಗ ಎರಡನೆಯದರಲ್ಲಿ ಮೊದಲನೆಯದನ್ನು ಕಳೆಯಿರಿ. ನಮಗೆ ಬೇಕಾಗಿರುವುದು ಈ ಏರಿಕೆ. ಒಂದು ದಿನ 118ರಿಂದ 196ಕ್ಕೆ ಹೋಯಿತು ಎಂದಿಟ್ಟುಕೊಳ್ಳಿ, ಏರಿಕೆ 78. ಇನ್ನೊಂದು ದಿನ ಬೇರೆ ಊಟ ಮಾಡಿದಾಗ 142ರಿಂದ 203ಕ್ಕೆ, ಏರಿಕೆ 61. ಕೊನೆಯ ಸಂಖ್ಯೆಯನ್ನಷ್ಟೇ ನೋಡಿದವರು 203ರ ಊಟವನ್ನು ಬೈಯುತ್ತಾರೆ. ಆದರೆ ಆ ಊಟದ ಏರಿಕೆ ಕಡಿಮೆಯೇ, ಅವತ್ತು ಶುರುವಾದ ಜಾಗವೇ ಎತ್ತರದಲ್ಲಿತ್ತು ಅಷ್ಟೆ. ಮೂರು ದಿನದ ಏರಿಕೆಗಳಲ್ಲಿ ನಡುವಿನದನ್ನು ಗುರುತು ಹಾಕಿ. ಮುಂದೆ ಏನು ಬದಲಿಸಿದರೂ ಈ ಗುರುತಿಗಿಂತ 30ರಷ್ಟಾದರೂ ಇಳಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಐದು ಹತ್ತರ ವ್ಯತ್ಯಾಸ ಮೀಟರಿನದೇ ಇರಬಹುದು.

ನಾಲ್ಕರಿಂದ ಆರನೇ ದಿನ: ತಿನ್ನುವ ಸರದಿ ಬದಲಿಸಿ

ಪದಾರ್ಥ ಅದೇ, ಪ್ರಮಾಣ ಅದೇ. ತರಕಾರಿ, ಕಾಳು, ಮೊಟ್ಟೆ, ಮಾಂಸ ಇವು ಮೊದಲು, 15 ನಿಮಿಷ ಬಿಟ್ಟು ಪಿಷ್ಟ. ನ್ಯೂಯಾರ್ಕ್‌ನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2015ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಪಿಷ್ಟವನ್ನು ಮೊದಲು ತಿಂದ ದಿನಕ್ಕೆ ಹೋಲಿಸಿದರೆ, ಕೊನೆಗೆ ತಿಂದಾಗ ಅರ್ಧ ಗಂಟೆಯಲ್ಲಿ ಶುಗರ್ ಸುಮಾರು ಶೇ 29, ಒಂದು ಗಂಟೆಯಲ್ಲಿ ಶೇ 37, ಎರಡು ಗಂಟೆಯಲ್ಲಿ ಶೇ 17 ಕಡಿಮೆಯಿತ್ತು. ಭಾಗವಹಿಸಿದ್ದವರು 11 ಮಂದಿ ಮಾತ್ರ, ಎಲ್ಲರೂ ಬೊಜ್ಜು ಮತ್ತು ಟೈಪ್ 2 ಮಧುಮೇಹ ಇದ್ದು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದವರು. ನಿಮಗೂ ಅಷ್ಟೇ ಫಲ ಸಿಗುತ್ತದೆಂದು ಹೇಳಲಾಗದು. ನೀವೇ ಅಳೆದು ನೋಡಬೇಕಾದದ್ದು ಅದಕ್ಕೇ.

ಆ ಮೂರು ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ದೊಡ್ಡ ವ್ಯತ್ಯಾಸ ಒಂದು ಗಂಟೆಯಲ್ಲಿದೆ, ಎರಡು ಗಂಟೆಯ ಹೊತ್ತಿಗೆ ಅರ್ಧಕ್ಕಿಂತ ಕಡಿಮೆಯಾಗಿದೆ. ಎರಡು ಗಂಟೆಯಲ್ಲಿ ಮಾತ್ರ ಅಳೆದವರು ‘ಏನೂ ಉಪಯೋಗವಿಲ್ಲ’ ಎಂದು ಕೈಬಿಡುವ ಸಂಭವ ಹೆಚ್ಚು. ಆದ್ದರಿಂದ ಒಂದು ಗಂಟೆಯ ಅಳತೆಯನ್ನೂ ಸೇರಿಸಿಕೊಳ್ಳಿ. ಹೋಲಿಕೆ ಸರಿಬರಲು ಮೊದಲ ಮೂರು ದಿನದಲ್ಲೂ ಒಂದು ದಿನವಾದರೂ ಒಂದು ಗಂಟೆಯ ಸಂಖ್ಯೆ ತೆಗೆದಿಟ್ಟುಕೊಂಡಿರಬೇಕು.

ಏಳರಿಂದ ಒಂಬತ್ತು: ಊಟದ ಮೇಲೆ ನಡಿಗೆ

ತಿನ್ನುವ ಸರದಿಯನ್ನು ಮೊದಲ ಮೂರು ದಿನದಲ್ಲಿದ್ದಂತೆಯೇ ಮಾಡಿ, ಊಟವಾಗಿ ಅರ್ಧ ಗಂಟೆಗೆ 15 ನಿಮಿಷ ನಡೆಯಿರಿ. ಮಾತಾಡುತ್ತ ನಡೆಯುವ ವೇಗ ಸಾಕು. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಬೆಳಿಗ್ಗೆ ವಾಕಿಂಗ್ ಆಯಿತಲ್ಲ ಎನ್ನುವವರೂ ಇದನ್ನು ಮಾಡಿ ನೋಡಬೇಕು, ರಾತ್ರಿ ಊಟದ ಏರಿಕೆಯನ್ನು ತಗ್ಗಿಸುವುದಕ್ಕೆ ಬೆಳಗಿನ ನಡಿಗೆಗಿಂತ ಊಟದ ನಂತರದ್ದೇ ವಾಸಿ. ಸರದಿ ಮತ್ತು ನಡಿಗೆಯನ್ನು ಒಟ್ಟಿಗೆ ಹಚ್ಚಿಕೊಳ್ಳಬೇಡಿ, ಆಗ ಫಲ ಯಾವುದರದೆಂದು ತಿಳಿಯುವುದಿಲ್ಲ. ಈ ಮೂರು ದಿನ ಜೋಡಿ ಅಳತೆ ಸಾಕು, ಒಂಬತ್ತು ದಿನಕ್ಕೆ ಒಟ್ಟು ಖರ್ಚಾಗುವುದು 22 ಸ್ಟ್ರಿಪ್. ಉಳಿದ ಮೂರು ಮುಂದೆ ಹೇಳುವ ಕೆಲಸಕ್ಕೆ ಇರಲಿ.

ಊಟದ ಏರಿಕೆ ಇಳಿದರೂ ಬೆಳಗಿನ ಶುಗರ್ ಮಾತ್ರ ಜಗ್ಗದಿದ್ದರೆ ತಟ್ಟೆಯ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅದು ಹೆಚ್ಚಾಗಿ ಲಿವರಿನಲ್ಲಿ ಕೂತ ಕೊಬ್ಬಿನ ಕೆಲಸ, ಅದಕ್ಕೆ ಮದ್ದು ತೂಕ ಇಳಿಸುವುದು. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಮೊದಲ ವರ್ಷದ ಫಲಿತಾಂಶ ಪ್ರಕಟವಾದ ‘ಡೈರೆಕ್ಟ್’ ಅಧ್ಯಯನದಲ್ಲಿ ದಿನಕ್ಕೆ 825ರಿಂದ 853 ಕ್ಯಾಲರಿಯ ಆಹಾರವನ್ನು ಮೂರರಿಂದ ಐದು ತಿಂಗಳು ಕೊಟ್ಟಾಗ, ವರ್ಷದ ಕೊನೆಗೆ ಶೇ 46 ಮಂದಿ ಮಾತ್ರೆಯಿಲ್ಲದೆ ಮಧುಮೇಹದ ಮಟ್ಟದಿಂದ ಕೆಳಗಿದ್ದರು. 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಿ ಇದು ಶೇ 86. ಅವರಿಗೆಲ್ಲ ಕಾಯಿಲೆ ಬಂದು ಆರು ವರ್ಷದೊಳಗಾಗಿತ್ತು, ಯಾರೂ ಇನ್ಸುಲಿನ್ ಮೇಲೆ ಇರಲಿಲ್ಲ, ಮೇಲ್ವಿಚಾರಣೆ ಇತ್ತು. ಮನೆಯಲ್ಲಿ ಒಬ್ಬರೇ ಇಷ್ಟು ಕಡಿಮೆ ತಿನ್ನಲು ಹೊರಡುವುದು ಸರಿಯಲ್ಲ. ತಿಂಗಳಿಗೊಮ್ಮೆ ಸೊಂಟ ಅಳೆಯಿರಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ ಟೇಪು ಹಿಡಿದು, ಉಸಿರು ಬಿಟ್ಟಾಗ. ಎತ್ತರದ ಅರ್ಧಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು.

ನೆನಪಿನ ಮಾತು

ಶುಗರ್ ಲೆಕ್ಕ ಮಿದುಳಿಗೂ ಸಂಬಂಧಿಸಿದ್ದು. ದೇಹದ ತೂಕದಲ್ಲಿ ಮಿದುಳು ಶೇ 2ರಷ್ಟು, ಅದು ಉರಿಸುವ ಶಕ್ತಿ ಸುಮಾರು ಶೇ 20. ಅದರ ಮುಖ್ಯ ಇಂಧನ ಗ್ಲೂಕೋಸ್. ಮಧುಮೇಹವೂ ನಡುವಯಸ್ಸಿನ ಬೊಜ್ಜೂ ಮರೆಗುಳಿತನದ ಅಪಾಯ ಹೆಚ್ಚಿಸುತ್ತವೆ ಎಂಬುದು ಗಟ್ಟಿಯಾಗಿದೆ. ಹಾಗಾದರೆ ಶುಗರ್ ಎಷ್ಟು ಇಳಿಸಿದರೆ ಅಷ್ಟು ನೆನಪು ಉಳಿಯುತ್ತದೆಯೇ? ಇಲ್ಲ. ಅಮೆರಿಕ, ಕೆನಡಾದ ‘ಅಕಾರ್ಡ್’ ಅಧ್ಯಯನದಲ್ಲಿ ಎಚ್‌ಬಿಎ1ಸಿಯನ್ನು (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆಯ ಸಂಖ್ಯೆ) ಶೇ 6ರ ಕೆಳಗೆ ಇಳಿಸಲು ಹೊರಟ ಗುಂಪಿಗೂ 7ರಿಂದ 7.9ರಲ್ಲಿಟ್ಟ ಗುಂಪಿಗೂ 40 ತಿಂಗಳಲ್ಲಿ ನೆನಪಿನ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಿಗಿಯಾಗಿ ಇಳಿಸಿದ ಗುಂಪಿನಲ್ಲಿ ಸಾವು ಹೆಚ್ಚಾದ್ದರಿಂದ ಆ ಚಿಕಿತ್ಸೆಯನ್ನು 2008ರಲ್ಲೇ ನಿಲ್ಲಿಸಬೇಕಾಯಿತು. ವಯಸ್ಸಾಗಿ ಮರೆವು ಶುರುವಾದವರಿಗೆ 8ರ ಒಳಗಿದ್ದರೆ ಸಾಕು ಎಂದು ವೈದ್ಯರು ಗುರಿ ಸಡಿಲಿಸುವುದು ಸುಮ್ಮನೆ ಅಲ್ಲ.

ಮರೆವಿಗೂ ಲೋ ಶುಗರ್‌ಗೂ ಇರುವುದು ಎರಡೂ ಕಡೆಯ ನಂಟು. ತೀವ್ರವಾಗಿ ಶುಗರ್ ಇಳಿದು ಆಸ್ಪತ್ರೆ ಸೇರಿದವರಲ್ಲಿ ಮುಂದೆ ಮರೆಗುಳಿತನ ಹೆಚ್ಚು ಕಂಡಿದೆ. ಮರೆವು ಇರುವವರು ಮಾತ್ರೆ ಎರಡು ಸಲ ನುಂಗಿ, ಊಟ ಮಾಡಿದೆನೆಂದುಕೊಂಡು ಉಪವಾಸ ಉಳಿದು ಶುಗರ್ ಇಳಿಸಿಕೊಳ್ಳುತ್ತಾರೆ. ವಾರದ ಮಾತ್ರೆಗಳನ್ನು ದಿನಕ್ಕೊಂದು ಖಾನೆಯ ಪೆಟ್ಟಿಗೆಯಲ್ಲಿ ಹಾಕಿಟ್ಟರೆ ನುಂಗಿದ್ದು, ಬಿಟ್ಟದ್ದು ಕಣ್ಣಿಗೇ ಕಾಣುತ್ತದೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಕುಸಿದು ಮರೆವು, ಕಾಲು ಜೋಮು ಬರುವುದುಂಟು. ಇದು ಸರಿಪಡಿಸಬಹುದಾದ ಮರೆವು, ಒಂದು ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಇನ್ನು ಉಳಿಸಿಟ್ಟ ಮೂರು ಸ್ಟ್ರಿಪ್. ಮಧುಮೇಹ ಇರುವ ಹಿರಿಯರು ಇದ್ದಕ್ಕಿದ್ದಂತೆ ಗೊಂದಲಕ್ಕೊಳಗಾಗಿ ಹೇಳಿದ್ದನ್ನೇ ಹೇಳತೊಡಗಿದರೆ ‘ವಯಸ್ಸಾಯಿತು’ ಎನ್ನುವ ಮುಂಚೆ ಬೆರಳು ಚುಚ್ಚಿ. ವಯಸ್ಸಾದವರಲ್ಲಿ ಲೋ ಶುಗರ್ ಬೆವರು, ನಡುಕವಿಲ್ಲದೆ ಬರೀ ಗೊಂದಲವಾಗಿ ಬರಬಹುದು. ಬಿಪಿಗೆಂದು ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ಎದೆಬಡಿತವೂ ಗೊತ್ತಾಗುವುದಿಲ್ಲ. 70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಅಳೆಯಿರಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ಏರುವುದನ್ನು ತಡ ಮಾಡುತ್ತದೆ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ. ಶುಗರ್ ಸರಿಯಿದ್ದೂ ಗೊಂದಲ ಹಾಗೇ ಇದ್ದರೆ, ಮಾತು ತೊದಲಿದರೆ, ಬಾಯಿ ಒಂದು ಕಡೆ ವಾಲಿದರೆ ಅದು ಪಾರ್ಶ್ವವಾಯು ಇರಬಹುದು. ಶುರುವಾದ ಹೊತ್ತನ್ನು ಬರೆದುಕೊಂಡು ತಡಮಾಡದೆ ಆಸ್ಪತ್ರೆಗೆ ಹೊರಡಿ, ಅಲ್ಲಿ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.