ಹಾಜರಿಯ ಲೆಕ್ಕ: ಕ್ಯಾಲಿಫೋರ್ನಿಯಾದ ಚಾರ್ಟರ್ ಶಾಲೆಯಲ್ಲಿ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿರುವ ಒಂದು ಸಣ್ಣ ಚಾರ್ಟರ್ ಶಾಲೆಯ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಶಾಲೆ ಇನ್ನೂ ಅರ್ಜಿಯ ಹಂತದಲ್ಲಿದ್ದಾಗಲೇ ಸೇರಿಕೊಂಡವಳು ನಾನು. ಚಾರ್ಟರ್ ಅಂದರೆ ಖಾಸಗಿ ಶಾಲೆ ಅಂತ ನಮ್ಮೂರಿನವರು ಅಂದುಕೊಳ್ಳುತ್ತಾರೆ. ಅಲ್ಲ. ಫೀಸು ತೆಗೆದುಕೊಳ್ಳುವ ಹಾಗಿಲ್ಲ. ಸೀಟಿಗಿಂತ ಜಾಸ್ತಿ ಅರ್ಜಿ ಬಂದರೆ ಎಲ್ಲರೆದುರು ಚೀಟಿ ಎತ್ತಬೇಕು. ಹಣ ಸರ್ಕಾರದ್ದು, ನಡೆಸುವುದು ನಮ್ಮಂಥ ಲಾಭರಹಿತ ಸಂಸ್ಥೆ. 1991ರಲ್ಲಿ ಮಿನೆಸೋಟ ರಾಜ್ಯ ಇಂಥ ಶಾಲೆಗಳಿಗೆ ಮೊದಲು ಕಾನೂನು ಮಾಡಿತು, ಮರುವರ್ಷ ಕ್ಯಾಲಿಫೋರ್ನಿಯಾ ಮಾಡಿತು.

ನಮ್ಮಪ್ಪ ಶಿವಮೊಗ್ಗ ಜಿಲ್ಲೆಯ ಅನುದಾನಿತ ಹೈಸ್ಕೂಲೊಂದರಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಸರ್ಕಾರ ಹುದ್ದೆ ಮಂಜೂರು ಮಾಡುತ್ತದೆ, ಆ ಹುದ್ದೆಗೆ ಸಂಬಳ ಕೊಡುತ್ತದೆ. ಇಲ್ಲಿ ಮಕ್ಕಳ ತಲೆ ಎಣಿಸಿ ದುಡ್ಡು ಬರುತ್ತದೆ. ಸಂಬಳ, ಬಾಡಿಗೆ, ಪುಸ್ತಕ, ವಿಮೆ ಎಲ್ಲವನ್ನೂ ಅದರಲ್ಲೇ ತೂಗಿಸಬೇಕು. ಅದೂ ಹೆಸರು ಬರೆಸಿದ ಮಕ್ಕಳಿಗಲ್ಲ, ದಿನವೂ ಬಂದು ಕೂತ ಮಕ್ಕಳಿಗೆ.

ಇದು ನನಗೆ ಗೊತ್ತಿತ್ತು, ಆದರೆ ಎಷ್ಟು ಬಿಗಿ ಅಂತ ಗೊತ್ತಿರಲಿಲ್ಲ. ಮೊದಲ ವರ್ಷದ ಬಜೆಟ್ಟನ್ನು 200 ಮಕ್ಕಳು, 96 ಶೇಕಡಾ ಹಾಜರಾತಿ ಅಂತ ಬರೆದೆ. ಅಂದರೆ ಸರಾಸರಿ 192 ಮಕ್ಕಳು. ಬಂದು ಸೇರಿದವರು 185. ಹಾಜರಾತಿ 92 ಶೇಕಡಾಕ್ಕೆ ನಿಂತಿತು. ಲೆಕ್ಕ ಹಾಕಿದರೆ 170. ಆಗ ತಲಾ ಸುಮಾರು 10 ಸಾವಿರ ಡಾಲರ್ ಬರುತ್ತಿತ್ತು. 22 ಮಕ್ಕಳ ಲೆಕ್ಕ ತಪ್ಪಿದರೆ 2 ಲಕ್ಷದ 20 ಸಾವಿರ ಡಾಲರ್ ಹೋಯಿತು ಅಂತಲೇ ಅರ್ಥ. ಹೊಸ ಶಾಲೆಗೆ ರಾಜ್ಯ ಮೊದಲು ನಾವು ಕೊಟ್ಟ ಅಂದಾಜಿನ ಮೇಲೆ ಮುಂಗಡ ಕೊಡುತ್ತದೆ. ಆಮೇಲೆ ಮೊದಲ 20 ದಿನದ ಹಾಜರಾತಿ ನೋಡಿ ಸರಿಪಡಿಸುತ್ತದೆ. ಜಾಸ್ತಿ ಕೊಟ್ಟಿದ್ದನ್ನು ಮುಂದಿನ ಕಂತುಗಳಲ್ಲಿ ಹಿಡಿದುಕೊಳ್ಳುತ್ತದೆ. ಆ ವರ್ಷ ಇಬ್ಬರು ಸಹಾಯಕ ಶಿಕ್ಷಕಿಯರನ್ನು ತೆಗೆದುಕೊಳ್ಳಲಾಗಲಿಲ್ಲ. ಒಂದನೇ ಕ್ಲಾಸಿನ ಮೇಡಂ ಒಬ್ಬರೇ ಓದಲು ಬಾರದ ಹನ್ನೊಂದು ಮಕ್ಕಳನ್ನು ಸಂಭಾಳಿಸಿದರು. ಅದು ನನ್ನ ಲೆಕ್ಕದಿಂದ ಆದದ್ದು. ಈಗಲೂ ನೆನೆದರೆ ಸಂಕಟವಾಗುತ್ತದೆ.

ಈಗ ಮೂರು ಬಜೆಟ್ ಬರೆಯುತ್ತೇನೆ. ಒಂದು ನಾವು ಆಸೆಪಡುವ ಸಂಖ್ಯೆಗೆ, ಒಂದು 10 ಶೇಕಡಾ ಕಡಿಮೆಗೆ, ಒಂದು 15 ಶೇಕಡಾ ಕಡಿಮೆಗೆ. ನೇಮಕಾತಿ ನಡೆಯುವುದು ನಡುವಿನದರ ಮೇಲೆ. ಇನ್ನೊಂದು ವಿಷಯ, ಹೊಸ ಶಾಲೆಗೆ ಜುಲೈ, ಆಗಸ್ಟ್‌ನಲ್ಲಿ ರಾಜ್ಯದ ಮುಂಗಡ ಬಂದಿರುವುದಿಲ್ಲ, ಆದರೆ ಶಿಕ್ಷಕರು ಕೆಲಸಕ್ಕೆ ಬಂದಿರುತ್ತಾರೆ. ಹೊಸ ಚಾರ್ಟರ್‌ಗಳಿಗೆ ರಾಜ್ಯದ್ದೇ ಒಂದು ಸಾಲ ಯೋಜನೆ ಇದೆ, 2.5 ಲಕ್ಷ ಡಾಲರ್‌ವರೆಗೆ ಕೊಡುತ್ತಾರೆ. ಖಾಸಗಿ ಸಾಲಕ್ಕೆ ಕೈ ಹಾಕುವ ಮೊದಲು ಅದಕ್ಕೆ ಅರ್ಜಿ ಹಾಕಿ.

ಹಾಜರಿ ಹಾಕುವುದಕ್ಕೂ ನಿಯಮ ಇದೆ. ಅದೇ ದಿನ ಹಾಕಬೇಕು, ಆಮೇಲೆ ನೆನಪಿನಿಂದ ತುಂಬುವ ಹಾಗಿಲ್ಲ. ಶಿಕ್ಷಕರ ಸಹಿ ಬೇಕು. ಒಮ್ಮೆ ಬದಲಿಗೆ ಬಂದ ಶಿಕ್ಷಕರು ಮೂರು ದಿನ ಸಹಿ ಹಾಕದೆ ಹೋಗಿದ್ದರು. ಆಡಿಟರ್ ಆ ಕ್ಲಾಸಿನ 22 ಮಕ್ಕಳ ಮೂರೂ ದಿನವನ್ನು ಲೆಕ್ಕದಿಂದ ತೆಗೆದುಬಿಟ್ಟರು. ಮಕ್ಕಳು ಬಂದಿದ್ದರು, ಪಾಠವೂ ಆಗಿತ್ತು. ವರ್ಷಕ್ಕೆ 175 ದಿನದ ಲೆಕ್ಕದಲ್ಲಿ ಮೂರೂಮುಕ್ಕಾಲು ಸಾವಿರ ಡಾಲರ್ ಹೋಯಿತು. ಅಂದಿನಿಂದ ಶುಕ್ರವಾರ ಮಧ್ಯಾಹ್ನ ನಾನೇ ಕ್ಲಾಸಿಂದ ಕ್ಲಾಸಿಗೆ ಹೋಗಿ ಹಾಳೆ ನೋಡುತ್ತೇನೆ.

ನಾನು ಹೆಚ್ಚು ಶ್ರಮ ಹಾಕಿದ್ದು ಮಾತ್ರ ಆದಾಯದ ಫಾರಂ ಮೇಲೆ. 2013ರಿಂದ ಇಲ್ಲಿರುವ ಅನುದಾನ ಸೂತ್ರದ ಪ್ರಕಾರ ಬಡ ಮನೆಯ ಮಗು, ಇಂಗ್ಲಿಷ್ ಕಲಿಯುತ್ತಿರುವ ಮಗು, ಸರ್ಕಾರದ ಪಾಲನೆಯಲ್ಲಿರುವ ಮಗು ಇದ್ದರೆ ಮೂಲ ಮೊತ್ತದ ಮೇಲೆ 20 ಶೇಕಡಾ ಜಾಸ್ತಿ ಬರುತ್ತದೆ. ಅಂಥ ಮಕ್ಕಳು ಶಾಲೆಯಲ್ಲಿ 55 ಶೇಕಡಾ ದಾಟಿದರೆ, ದಾಟಿದಷ್ಟು ಭಾಗಕ್ಕೆ ಇನ್ನೂ 65 ಶೇಕಡಾ. ಒಳ್ಳೆಯ ಸೂತ್ರ ಇದು, ನಾನು ಮನಸಾರೆ ಹೇಳುತ್ತೇನೆ. ಕಷ್ಟದಲ್ಲಿರುವ ಮಕ್ಕಳಿಗೆ ಹೆಚ್ಚು ಖರ್ಚು ಮಾಡಬೇಕು ಅನ್ನುವುದನ್ನು ಇದು ಲೆಕ್ಕದಲ್ಲೇ ಒಪ್ಪಿಕೊಂಡಿದೆ. ಆದರೆ ಬಡತನಕ್ಕೆ ಕಾಗದ ಬೇಕಲ್ವಾ? ಮೊದಲು ಉಚಿತ ಊಟಕ್ಕಾಗಿ ತಂದೆತಾಯಿ ಫಾರಂ ತುಂಬುತ್ತಿದ್ದರು. 2022ರಿಂದ ಎಲ್ಲ ಮಕ್ಕಳಿಗೂ ಊಟ ಉಚಿತ. ಫಾರಂ ಯಾಕೆ ತುಂಬಬೇಕು ಅಂತ ಸುಮ್ಮನಾದರು.

ನಮ್ಮ ಮಕ್ಕಳ ಮನೆಯವರು ಹೆಚ್ಚಾಗಿ ಬಾದಾಮಿ ತೋಟ, ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡುವವರು. ಸೆಪ್ಟೆಂಬರ್ ಪೂರ್ತಿ ಮಧ್ಯಾಹ್ನ ಮಕ್ಕಳನ್ನು ಕರೆದೊಯ್ಯಲು ಬರುವ ಹೊತ್ತಿಗೆ ಗೇಟಿನ ಹತ್ತಿರ ಒಂದು ಮೇಜು ಹಾಕಿ ಕೂತೆ. ನನ್ನ ಸ್ಪ್ಯಾನಿಷ್ ಸಾಲದು ಅಂತ ನಮ್ಮ ಅಡುಗೆಮನೆಯಲ್ಲಿ ಕೆಲಸ ಮಾಡುವ ಒಬ್ಬ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಒಬ್ಬರು ಫಾರಂ ಹಿಡಿದು ತುಂಬ ಹೊತ್ತು ನಿಂತರು. "ಇದು ಇಮಿಗ್ರೇಶನ್‌ನವರ ಕೈಗೆ ಹೋಗುತ್ತದಾ?" ಅಂತ ಕೇಳಿದರು. ಫಾರಂ ತಿರುಗಿಸಿ ಸಾಲು ಸಾಲಾಗಿ ತೋರಿಸಿದೆ. ಮನೆಯಲ್ಲಿ ಎಷ್ಟು ಜನ, ಆದಾಯ ಎಷ್ಟು, ಸಹಿ. ಪೌರತ್ವದ ಪ್ರಶ್ನೆಯೇ ಇಲ್ಲ. ಆ ದಿನ ಅವರು ಕೊಡಲಿಲ್ಲ. ಮೂರನೇ ದಿನ ತುಂಬಿಕೊಂಡು ಬಂದರು, ಜೊತೆಗೆ ತಂಗಿಯನ್ನೂ ಕರೆತಂದರು. ಇಂಥ ಮಕ್ಕಳು ಎಷ್ಟು ಅಂತ ಎಣಿಸುವ ಗಣತಿ ದಿನ ಅಕ್ಟೋಬರ್‌ನ ಮೊದಲ ಬುಧವಾರ. ಶೇಕಡಾವಾರು ಲೆಕ್ಕವನ್ನು ಮೂರು ವರ್ಷದ ಸರಾಸರಿಯ ಮೇಲೆ ಹಾಕುವುದರಿಂದ ಒಂದು ವರ್ಷ ತಪ್ಪಿದರೆ ಮೂರು ವರ್ಷ ನಷ್ಟ.

ಉಳಿದದ್ದು ದಿನಾಂಕ ಮರೆಯದಿದ್ದರೆ ನಡೆಯುತ್ತದೆ. ಜುಲೈ 1ಕ್ಕೆ ಬಜೆಟ್, ಡಿಸೆಂಬರ್ 15 ಮತ್ತು ಮಾರ್ಚ್ 15ಕ್ಕೆ ಮಧ್ಯಂತರ ವರದಿ, ಹಿಂದಿನ ವರ್ಷದ ಆಡಿಟ್ ಕೂಡ ಡಿಸೆಂಬರ್ 15ಕ್ಕೇ. ಚಾರ್ಟರ್, ಅಂದರೆ ಶಾಲೆ ನಡೆಸುವ ಅನುಮತಿ, ಕೊಟ್ಟ ಶಾಲಾ ಜಿಲ್ಲೆಗೆ (ಇಲ್ಲಿ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಸ್ಥಳೀಯ ಆಡಳಿತ) ಉಸ್ತುವಾರಿ ಶುಲ್ಕವಾಗಿ ಸಾಮಾನ್ಯವಾಗಿ ಅನುದಾನದ 1 ಶೇಕಡಾವರೆಗೆ ಕೊಡಬೇಕು. ಆಡಳಿತ ಮಂಡಳಿಯ ಸಭೆ ಅಂದರೆ 72 ಗಂಟೆ ಮೊದಲೇ ವಿಷಯಪಟ್ಟಿ ಹಾಕಬೇಕು, ಯಾರು ಬೇಕಾದರೂ ಬಂದು ಕೂರಬಹುದು. 2020ರಿಂದ ಈ ಮುಕ್ತ ಸಭೆಯ ಕಾನೂನು ಚಾರ್ಟರ್‌ಗಳಿಗೂ ಅನ್ವಯ ಅಂತ ಸ್ಪಷ್ಟವಾಗಿದೆ. ಬೇಕಾದದ್ದೇ ಅದು.

ಒಂದು ನಿಯಮ ಮಾತ್ರ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಜ್ವರ ಬಂದು ಮನೆಯಲ್ಲಿ ಮಲಗಿದ ಮಗುವಿನ ದಿನಕ್ಕೂ ಹಣ ಬರುವುದಿಲ್ಲ, ವೈದ್ಯರ ಚೀಟಿ ಇದ್ದರೂ ಅಷ್ಟೇ. ಆ ದಿನ ಮೇಡಂ ಸಂಬಳವಾಗಲಿ ಬಾಡಿಗೆಯಾಗಲಿ ಕಡಿಮೆಯಾಗುವುದಿಲ್ಲವಲ್ಲ. ಆದರೂ ಹುಷಾರಿಲ್ಲದ ಮಗುವನ್ನು ಕಳಿಸಿ ಅಂತ ನಾವು ಒಮ್ಮೆಯೂ ಹೇಳಿಲ್ಲ. ಬೆಳಗ್ಗೆ ಒಂಬತ್ತೂವರೆಗೆ ಬಾರದವರ ಮನೆಗೆ ಫೋನು ಮಾಡುತ್ತೇವೆ. ಹುಷಾರಿಲ್ಲ ಅಂದರೆ ಸಂಜೆ ಹೋಮ್‌ವರ್ಕ್ ಕಳಿಸಲಾ ಅಂತ ಕೇಳುತ್ತೇವೆ. ಕಾರು ಕೆಟ್ಟಿದೆ ಅಂದರೆ ನಮ್ಮಲ್ಲಿ ಯಾರಾದರೂ ಹೋಗಿ ಕರೆತರುತ್ತೇವೆ. ಹೀಗೆ ಮಾಡುತ್ತಾ ಹೋದ ವರ್ಷ ಏಪ್ರಿಲ್ ಮಧ್ಯದ ವರದಿಯ ಹೊತ್ತಿಗೆ ಹಾಜರಾತಿ 95 ಶೇಕಡಾಕ್ಕೆ ಬಂತು. ಒಂದನೇ ಕ್ಲಾಸಿಗೆ ಈಗ ಸಹಾಯಕ ಶಿಕ್ಷಕಿ ಇದ್ದಾರೆ.