ಹಳೇ ಅಳತೆ ಬರದಿದ್ದರೇ ವಾಸಿ: ಕ್ಲೌಡ್‌ನಿಂದ ಚೆಂಡು ನಿಲ್ಲಿಸಲು ಹೋದ ನನ್ನ ಅನುಭವ

ಒಂದು ಹಲಗೆ, ಅದರ ಮೇಲೆ ಉರುಳುವ ಚೆಂಡು, ಹಲಗೆ ವಾಲಿಸಲು ಒಂದು ಸರ್ವೋ ಮೋಟಾರ್. ಚೆಂಡನ್ನು ನಡುವೆ ನಿಲ್ಲಿಸಬೇಕು. ಎಷ್ಟು ವಾಲಿಸಬೇಕು ಅಂತ ಲೆಕ್ಕ ಹಾಕುವ ಕಂಟ್ರೋಲರ್ ಪಕ್ಕದಲ್ಲೇ ಇದ್ದರೆ ಇದು ಅಂಥ ದೊಡ್ಡ ಕೆಲಸವಲ್ಲ. ನಾನು ಆ ಕಂಟ್ರೋಲರನ್ನು ಎತ್ತಿ ಕ್ಲೌಡ್‌ನ ಒಂದು ವರ್ಚುವಲ್ ಮಷಿನ್ನಿಗೆ ಹಾಕಿದೆ. 20 ಮಿಲಿಸೆಕೆಂಡಿಗೊಮ್ಮೆ ಚೆಂಡು ಎಲ್ಲಿದೆ ಅನ್ನುವ ಅಳತೆ ಮೇಲೆ ಹೋಗುತ್ತದೆ, ಹಲಗೆ ಎಷ್ಟು ವಾಲಬೇಕು ಅನ್ನುವ ಆಜ್ಞೆ ಕೆಳಗೆ ಬರುತ್ತದೆ. ಹೋಗಿ ಬರಲು ಸುಮಾರು 60 ಮಿಲಿಸೆಕೆಂಡು.

ಮೊದಲು ಟಿಸಿಪಿ ಹಾಕಿದೆ: ಕಳಿಸಿದ್ದೆಲ್ಲ ಕ್ರಮವಾಗಿ ತಲುಪುವ ಹಾಗೆ ನೋಡಿಕೊಳ್ಳುವ, ಕಳೆದದ್ದನ್ನು ಮತ್ತೆ ಕಳಿಸುವ ಸಂವಹನ ನಿಯಮ. ಯೋಚನೆ ಮಾಡಿ ಆರಿಸಿದ್ದೇನಲ್ಲ, ಕೈಗೆ ರೂಢಿ ಇದ್ದದ್ದು ಅದೇ. ಶುರುವಿನಲ್ಲೇ ಹಲಗೆ ತೂಗುಯ್ಯಾಲೆ ಆಯಿತು. ನೋಡಿದರೆ ಟಿಸಿಪಿಯೊಳಗಿನ ನೇಗಲ್ ಅಲ್ಗಾರಿದಮ್, 1984ರದ್ದು: ಹಿಂದೆ ಕಳಿಸಿದ್ದಕ್ಕೆ ಉತ್ತರ ಬರುವ ತನಕ ಸಣ್ಣ ಸಣ್ಣ ಸಂದೇಶಗಳನ್ನು ತಡೆದು ಒಟ್ಟು ಮಾಡುತ್ತದೆ. ನನ್ನ ಅಳತೆಗಳು ಮೂರು ಮೂರು ಗಂಟು ಕಟ್ಟಿಕೊಂಡು ಹೋಗುತ್ತಿದ್ದವು. ಅದನ್ನು ನಿಲ್ಲಿಸುವ ನೋ-ಡಿಲೇ ಆಯ್ಕೆ ಆನ್ ಮಾಡಿದೆ, ಚೆಂಡು ನಿಂತಿತು. ಮುಗೀತು ಅಂದುಕೊಂಡೆ.

ಆಮೇಲೆ, ನೆಟ್‌ವರ್ಕ್ ತೊಂದರೆಗಳನ್ನು ಅನುಕರಿಸುವ ಲಿನಕ್ಸ್‌ನ ನೆಟ್‌ಎಮ್‌ನಿಂದ ಬೇಕಂತಲೇ ನೂರಕ್ಕೆ ಒಂದು ಪ್ಯಾಕೆಟ್, ಅಂದರೆ ಸಂದೇಶದ ಪೊಟ್ಟಣ, ಬೀಳಿಸಿದೆ. ಚೆಂಡು ನೆಲದ ಮೇಲಿತ್ತು. ಕಾರಣವನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಒಂದು ಪ್ಯಾಕೆಟ್ ಕಳೆದುಹೋದರೆ ಅದರ ನಂತರದ ಮೂರು ತಲುಪಿ, 'ಮಧ್ಯದ್ದು ಬಂದಿಲ್ಲ' ಅನ್ನುವ ಸೂಚನೆ ಮೂರು ಸಲ ವಾಪಸ್ ಬಂದಮೇಲೆ ಟಿಸಿಪಿ ಅದನ್ನು ಮತ್ತೆ ಕಳಿಸುತ್ತದೆ, ಅಂದರೆ ನನ್ನ ಲೂಪ್‌ನಲ್ಲಿ ಕಂಟ್ರೋಲರ್ ಸುಮಾರು 120 ಮಿಲಿಸೆಕೆಂಡು ಕುರುಡಾಗಿ ಕೂತಿರುತ್ತದೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆಮೇಲೆ ಏಳು ಅಳತೆ ಒಟ್ಟಿಗೆ ಬಂದು ಬೀಳುತ್ತವೆ, ಕ್ರಮವಾಗಿ, ಹಳೆಯದು ಮೊದಲು! ನಾನು ಪೆದ್ದನಂತೆ ಚೆಂಡಿನ ವೇಗವನ್ನು ಅಳತೆ ಬಂದು ತಲುಪಿದ ಸಮಯ ಹಿಡಿದು ಲೆಕ್ಕ ಹಾಕುತ್ತಿದ್ದೆ. ಎರಡು ಅಳತೆಗಳ ನಡುವೆ ಸಮಯ ಹತ್ತಿರಹತ್ತಿರ ಸೊನ್ನೆ, ಹಾಗಾಗಿ ವೇಗ ಆಕಾಶಕ್ಕೆ ಏರಿತು, ಮೋಟಾರ್ ಒದ್ದ ಹಾಗೆ ಹಲಗೆಯನ್ನು ಎಸೆಯಿತು. ಸಮಯದ ಮುದ್ರೆಯನ್ನು ಸೆನ್ಸರ್ ಹತ್ತಿರವೇ ಹಾಕಿದಮೇಲೆ ಆ ಒದೆತ ನಿಂತಿತು. ಕುರುಡು ಮಾತ್ರ ಹಾಗೇ ಉಳಿಯಿತು.

ಯುಡಿಪಿಗೆ, ಅಂದರೆ ತಲುಪಿತೋ ಇಲ್ಲವೋ ನೋಡದೆ ಕಳಿಸಿಬಿಡುವ ನಿಯಮಕ್ಕೆ, ಬಂದಾಗ ಹಾಯೆನಿಸಿತು. ಪ್ರತಿ ಪ್ಯಾಕೆಟ್ಟಿನ ತಲೆಬರಹ (ಹೆಡರ್) ಬರೀ 8 ಬೈಟ್. ಪ್ರತಿ ಅಳತೆಗೂ ಒಂದು ಕ್ರಮಸಂಖ್ಯೆ ಹಾಕಿದೆ, ಹಳೇ ಸಂಖ್ಯೆ ಬಂದರೆ ಸುಮ್ನೆ ಎಸೆಯುವುದು. ಒಂದು ಪ್ಯಾಕೆಟ್ ಹೋದರೆ 20 ಮಿಲಿಸೆಕೆಂಡಿನಲ್ಲಿ ಇನ್ನೊಂದು ಬರುತ್ತದಲ್ಲ, ಚೆಂಡಿಗೆ ಗೊತ್ತೂ ಆಗುವುದಿಲ್ಲ. ತೊಂದರೆ ಬೇರೆ ಕಡೆ ಬಂತು. 'ಈಗ ಬಲಕ್ಕೆ ಸರಿದು ನಿಲ್ಲು' ಅಂತ ಹೊಸ ಗುರಿ ಕೊಟ್ಟೆ, ಆ ಒಂದೇ ಪ್ಯಾಕೆಟ್ ಕಳೆದುಹೋಯಿತು. ಚೆಂಡು ಹಳೇ ಜಾಗದಲ್ಲಿ ಹಾಯಾಗಿ ನಿಂತಿತ್ತು. ಸರಿ, ಗುರಿಗೆ ಉತ್ತರ ಬೇಕು, ಬರದಿದ್ದರೆ ಮತ್ತೆ ಕಳಿಸಬೇಕು, ಎರಡು ಸಲ ಬಂದರೆ ಒಂದನ್ನು ಬಿಡಬೇಕು... ಎರಡು ದಿನ ಬಿಟ್ಟು ನೋಡಿದರೆ ಅರ್ಧ ಟಿಸಿಪಿಯನ್ನು, ಅದೂ ಕೆಟ್ಟದಾಗಿ, ನಾನೇ ಬರೆದಿದ್ದೆ. ಮೇಲಾಗಿ ಗೂಢಲಿಪಿ ಇಲ್ಲದ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದು ಅದರ ತುದಿಗೆ ಮೋಟಾರ್ ಕಟ್ಟಿಡುವುದು ಹುಚ್ಚು ಅಲ್ವಾ.

ಎಸ್‌ಸಿಟಿಪಿ ಅನ್ನುವ ಇನ್ನೊಂದು ನಿಯಮ ಕಾಗದದ ಮೇಲೆ ಇದಕ್ಕೇ ಹೇಳಿ ಮಾಡಿಸಿದ ಹಾಗಿತ್ತು. ನಡುವೆ ವಿಳಾಸ ಬದಲಿಸುವ ನ್ಯಾಟ್ ರೌಟರ್ ಅದನ್ನು ದಾಟಲು ಬಿಡಲಿಲ್ಲ. ಒಂದು ಸಂಜೆಗೆ ಕೈಬಿಟ್ಟೆ.

ಕೊನೆಗೆ ನಿಂತದ್ದು ಕ್ವಿಕ್ ಅನ್ನುವ ಹೊಸ ನಿಯಮದ ಮೇಲೆ. 2021ರಲ್ಲಿ ಆರ್‌ಎಫ್‌ಸಿ 9000 ಅನ್ನುವ ಇಂಟರ್ನೆಟ್ ಮಾನದಂಡವಾಗಿ ಬಂದದ್ದು. ಯುಡಿಪಿ ಮೇಲೇ ಓಡುತ್ತದೆ, ಗೂಢಲಿಪಿಗೆ ಬೇಕಾದ ಟಿಎಲ್‌ಎಸ್ 1.3 ಒಳಗೇ ಇದೆ. ನನಗೆ ಬೇಕಿದ್ದದ್ದು 2022ರಲ್ಲಿ ಸೇರಿಸಿದ ಡೇಟಾಗ್ರಾಮ್: ಕಳೆದುಹೋದರೆ ಮತ್ತೆ ಕಳಿಸುವುದಿಲ್ಲ. ಅಳತೆ, ಆಜ್ಞೆ ಎರಡೂ ಡೇಟಾಗ್ರಾಮ್‌ನಲ್ಲಿ, ಗುರಿ ಮತ್ತು ಸೆಟ್ಟಿಂಗ್‌ಗಳು ಕಳೆದದ್ದನ್ನು ಮತ್ತೆ ಕಳಿಸುವ ಸ್ಟ್ರೀಮ್‌ನಲ್ಲಿ, ಎಲ್ಲ ಒಂದೇ ಕನೆಕ್ಷನ್ನಿನಲ್ಲಿ. ಆದರೆ ಡೇಟಾಗ್ರಾಮ್‌ಗೂ ದಟ್ಟಣೆ ನಿಯಂತ್ರಣ ಇದೆ, ಲೈನ್ ಬಿಗಿಯಾದಾಗ ಲೈಬ್ರರಿ ಅವನ್ನು ಸದ್ದಿಲ್ಲದೆ ಸಾಲಿನಲ್ಲಿ ನಿಲ್ಲಿಸುತ್ತಿತ್ತು. ಅದೇ ಹಳೇ ಅಳತೆಯ ಕಾಟ, ಹೊಸ ವೇಷದಲ್ಲಿ. ಸಾಲಿನ ಉದ್ದ ಒಂದಕ್ಕೆ ಇಳಿಸಿ, ಹೊಸದು ಬಂದರೆ ಹಳೆಯದನ್ನು ಬಿಸಾಡುವ ಹಾಗೆ ಮಾಡಿದೆ. ಸಿಪಿಯು ಖರ್ಚು ಜಾಸ್ತಿ, ನನ್ನದು ಲಿನಕ್ಸ್ ಬೋರ್ಡ್ ಆದ್ದರಿಂದ ನಡೆಯಿತು.

ಅಳೆದದ್ದು ಹೇಗೆ ಅಂತ ಹೇಳಲೇಬೇಕು. ಎರಡು ಕಡೆಯ ಗಡಿಯಾರ ಹೊಂದಿಸುವ ಗೋಜಿಗೆ ಹೋಗಲಿಲ್ಲ. ಸೆನ್ಸರ್ ಹಾಕಿದ ಸಮಯದ ಮುದ್ರೆಯನ್ನು ಕಂಟ್ರೋಲರ್ ತನ್ನ ಆಜ್ಞೆಯ ಜೊತೆ ಹಾಗೇ ವಾಪಸ್ ಕಳಿಸುತ್ತದೆ, ಮೋಟಾರ್ ಆ ಆಜ್ಞೆ ಪಾಲಿಸುವಾಗ ಅಳತೆಗೆ ಎಷ್ಟು ವಯಸ್ಸಾಗಿದೆ ಅಂತ ಬೋರ್ಡ್ ಬರೆದಿಡುತ್ತದೆ. ಸರಾಸರಿ ನೋಡಿದರೆ ಟಿಸಿಪಿ, ಯುಡಿಪಿ, ಕ್ವಿಕ್ ಮೂರಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ನೂರರಲ್ಲಿ ಅತಿ ಕೆಟ್ಟ ಒಂದೆರಡನ್ನು ನೋಡಿದಾಗಲೇ ಟಿಸಿಪಿಯ ಬಾಲ, ಅಂದರೆ ಅಪರೂಪದ ಭಾರಿ ತಡಗಳು, ಕಂಡದ್ದು, ಚೆಂಡನ್ನು ಬೀಳಿಸುತ್ತಿದ್ದವೂ ಅವೇ.

ಕೇಬಲ್ ಕಿತ್ತರೆ ಇವು ಯಾವುವೂ ಕೆಲಸಕ್ಕೆ ಬರಲಿಲ್ಲ. 200 ಮಿಲಿಸೆಕೆಂಡು ಆಜ್ಞೆ ಬರದಿದ್ದರೆ ಹಲಗೆ ಮಟ್ಟ ಆಗುವ ಹಾಗೆ ಬರೆದಿದ್ದೆ. ಹಲಗೆ ಮಟ್ಟ ಆಯಿತು, ಚೆಂಡು ತನ್ನ ಪಾಡಿಗೆ ಉರುಳಿ ಕೆಳಗೆ ಬಿತ್ತು. ಈಗ ಬೋರ್ಡ್‌ನಲ್ಲೇ ಒಂದು ಚಿಕ್ಕ ಕಂಟ್ರೋಲರ್ ಕೂತಿದೆ, ಕ್ಲೌಡ್ ಮೌನವಾದರೆ ಅದು ಕೈಗೆತ್ತಿಕೊಳ್ಳುತ್ತದೆ.